ಪಾಯಿಂಟ್ ತೆಗೆಸಿದ ಅಂಬಾಸಿಡರ್

ಆ ಬಿಳಿ ಅಂಬಾಸಿಡರ್ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಕೆಟ್ಟು ನಿಂತು ಅಲ್ಲ, ಚೆನ್ನಾಗಿ ಓಡಿಕೊಂಡೇ. ಚೆನ್ನಾಗಿ ಓಡುವ ಗಾಡಿಗೆ ಕೈ ಹಾಕುವುದೆಂದರೆ ನನಗೆ ಮೊದಲಿನಿಂದಲೂ ಅಳುಕು. ಕೆಟ್ಟದ್ದನ್ನು ಸರಿ ಮಾಡಿದರೆ ಹೊಗಳುತ್ತಾರೆ. ಸರಿಯಿರುವುದನ್ನು ಇನ್ನೂ ಸರಿ ಮಾಡಲು ಹೋಗಿ ಕೆಟ್ಟರೆ ಬೈಗುಳವೆಲ್ಲ ನಮ್ಮ ಪಾಲಿಗೆ.

ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಟ್ರ್ಯಾಕ್ಟರ್, ಟೆಂಪೊ, ಕಾರು, ಯಾವುದೇ ಬರಲಿ, ಸೆಲ್ಫು, ಡೈನಮೊ, ವೈರಿಂಗ್ ಕೆಲಸ ನೋಡುತ್ತೇನೆ. ಅಂಬಾಸಿಡರ್ ಓಡಿಸಿಕೊಂಡು ಬಂದವರು ಗುಂಡ್ಲುಪೇಟೆಯ ಒಬ್ಬ ಟೀಚರಮ್ಮ, ನಲವತ್ತರ ಆಸುಪಾಸಿನವರು. ರಾಜ್ಯದ ಗಡಿಯಾಚೆಯ ಬತ್ತೇರಿ ಊರಿಗೆ ಹೋಗುವ ರಸ್ತೆಯಲ್ಲಿ, ಮದ್ದೂರಿನ ಕಾಡಂಚಿನ ಒಂದು ಹಳ್ಳಿಯಲ್ಲಿ ಅವರ ಶಾಲೆ. ಬಸ್ಸಿಳಿದ ಮೇಲೂ ಸಾಕಷ್ಟು ದೂರ ನಡೆಯಬೇಕು, ಅದೂ ಆನೆ ಓಡಾಡುವ ಜಾಗದಲ್ಲಿ.

"ಪಾಯಿಂಟ್ ತೆಗ್ದು ಎಲೆಕ್ಟ್ರಾನಿಕ್ ಮಾಡ್ಕೊಡಿ ಅಣ್ಣ," ಎಂದರು. "ಆಗಾಗ ಪಾಯಿಂಟ್ ಸುಟ್ಟೋಗ್ತದೆ. ಮಾವ ಇದ್ದಾಗ ಅವ್ರೇ ಉಜ್ಜೋರು. ಆಮೇಲೆ ನಮ್ಮನೆಯವ್ರು ಉಜ್ಜೋರು. ಈಗ ಇಬ್ರೂ ಇಲ್ಲ. ನಾನು ಕಾಡೊಳ್ಗೆ ಬಾನೆಟ್ ಎತ್ಕೊಂಡು ಉಜ್ತಾ ನಿಂತ್ರೆ ಆನೆ ಕಾಯ್ತದಾ?"

ನಾನು ನಕ್ಕೆ. ಅವರು ನಗಲಿಲ್ಲ. "ಇನ್ನೊಂದ್ ಸಲ ದಾರೀಲಿ ನಿಂತ್ರೆ ಮನೆಯೋರು ಗಾಡಿ ಮಾರ್ಬುಡ್ತಾರೆ. ಮೈದುನ ಆಗ್ಲೇ ಬತ್ತೇರಿ ಕಡೆಯೋರೊಬ್ರನ್ನ ಕರ್ಕೊಂಡ್ ಬಂದು ತೋರ್ಸಿದಾನೆ. ಗಾಡಿ ನಿಂತಾಗೆಲ್ಲ ನಮ್ಮತ್ತೆ ಹೇಳೋದು ಒಂದೇ ಮಾತು, ಇವಳ ಕೈಗುಣ ಅಂತ. ಗಂಡನ್ನೂ ಉಳಿಸ್ಕೊಳ್ಳಲಿಲ್ಲ, ಗಾಡೀನೂ ಉಳಿಸ್ಕೊಳ್ಳಲ್ಲ ಅಂತ."

ನಾನು ಬಾನೆಟ್ ಎತ್ತಿದೆ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹಳೇ ಪೆಟ್ರೋಲ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಅನ್ನುವ ಡಬ್ಬಿಯೊಳಗೆ ಪಾಯಿಂಟ್ ಎಂಬ ಸಣ್ಣ ಜೋಡಿ ಕೂತಿರುತ್ತದೆ. ಇಂಜಿನ್ ತಿರುಗಿದಂತೆ ಅವೆರಡು ಕೂಡುತ್ತವೆ, ಬಿಡುತ್ತವೆ. ಕೂಡಿದಾಗ ಕಾಯಿಲ್ ಎಂಬ ತಂತಿ ಸುರುಳಿಯ ಡಬ್ಬಿಗೆ ಕರೆಂಟು ಹರಿಯುತ್ತದೆ. ಬಿಟ್ಟ ಕ್ಷಣ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹೀಗೆ ಕೂಡಿ ಬಿಟ್ಟು ಕೂಡಿ ಬಿಟ್ಟು ಅವುಗಳ ಮುಖ ಸುಡುತ್ತದೆ, ಆಗ ಉಜ್ಜಬೇಕು, ಸಂದು ಅಳತೆಗೆ ತರಬೇಕು. ಪಾಯಿಂಟ್ ಬದಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮಾಡ್ಯೂಲ್ ಕೂರಿಸಿದರೆ ಈ ಉಜ್ಜಾಟವೇ ಇಲ್ಲ. ಹಳೇ ಜೀಪುಗಳಿಗೆ ನಾನು ಎಷ್ಟೋ ಸಲ ಮಾಡಿದ್ದ ಕೆಲಸವಿದು.

ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ ನೋಡಿದೆ. ಬಹಳ ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ತ್ ಇರುವುದುಂಟು. ತಿಳಿಯದೆ ಹಾಕಿದರೆ ಮಾಡ್ಯೂಲ್ ಅಲ್ಲೇ ಸಾಯುತ್ತದೆ. ಇದರಲ್ಲಿ ಮೈನಸ್ಸೇ ಇತ್ತು. ಕ್ಯಾಪ್ ತೆಗೆದು, ರೋಟರ್ ಎತ್ತಿ, ಪಾಯಿಂಟನ್ನೂ ಕಂಡೆನ್ಸರನ್ನೂ ಬಿಚ್ಚಿದೆ. ಪಾಯಿಂಟಿನ ಮುಖ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟಾಗಿ ಕರ್ರಗೆ ಸುಟ್ಟಿತ್ತು. ಶಾಲೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಇಷ್ಟು ಸುಟ್ಟಿದೆಯಲ್ಲ ಎಂದುಕೊಂಡೆ, ಅಷ್ಟಕ್ಕೇ ಬಿಟ್ಟೆ. ಒಳಗಿನ ತಟ್ಟೆ ಒರೆಸಿ ಮಾಡ್ಯೂಲ್ ಕೂರಿಸಿ, ಶಾಫ್ಟಿಗೆ ಆಯಸ್ಕಾಂತದ ಬಳೆ ಇಳಿಸಿ, ರೋಟರ್ ಮೇಲೆ ಹಾಕಿದೆ. ಕೆಂಪು ವೈರು ಕಾಯಿಲ್‌ನ ಪ್ಲಸ್ಸಿಗೆ, ಕಪ್ಪು ವೈರು ಮೈನಸ್ಸಿಗೆ. ಇಂಜಿನ್ ಶುರು ಮಾಡಿ, ಟೈಮಿಂಗ್ ಲೈಟ್ ಹಿಡಿದು, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿದೆ.

ತೆರಕಣಾಂಬಿವರೆಗೆ ಓಡಿಸಿ ಬಂದೆ. ಗಾಡಿ ಹತ್ತು ವರ್ಷ ಚಿಕ್ಕದಾದಂತೆ ಎಳೆಯುತ್ತಿತ್ತು. "ಇನ್ನು ಬಾನೆಟ್ ಎತ್ತೋ ಕೆಲ್ಸಾನೇ ಇಲ್ಲ ಬುಡಿ ಮೇಡಮ್," ಎಂದು ಜಂಬದಿಂದ ಕೀಲಿ ಕೊಟ್ಟೆ. ಈ ಮಾತನ್ನು ನಾನು ಆಡಬಾರದಿತ್ತು.

ಎರಡನೇ ದಿನವೇ ಫೋನು. "ಅಣ್ಣ, ಚೆಕ್‌ಪೋಸ್ಟ್ ದಾಟಿ ಏರಲ್ಲಿ ನಿಂತೋಗಿದೆ. ಗಾಜು ಏರಿಸ್ಕೊಂಡು ಒಳ್ಗೇ ಕೂತಿದೀನಿ. ಪಕ್ಕದ ಬಿದ್ರಲ್ಲಿ ಏನೋ ಮುರೀತಿರೋ ಸದ್ದು." ಅವರ ಧ್ವನಿ ಗಟ್ಟಿಯಾಗಿಯೇ ಇತ್ತು, ಇಳಿಯಬೇಡಿ ಎಂದು ಕೂಗಿದ್ದು ನಾನು. ಅದೃಷ್ಟಕ್ಕೆ ಅರಣ್ಯ ಇಲಾಖೆಯ ಜೀಪೊಂದು ಬಂತಂತೆ. ಅವರ ಮೈದುನ ತನ್ನ ಪಿಕಪ್ಪಿಗೆ ಹಗ್ಗ ಕಟ್ಟಿ ಗಾಡಿಯನ್ನು ನನ್ನ ಅಂಗಡಿಗೆ ಎಳೆದು ತಂದ. ಹೂವಿನ ವ್ಯಾಪಾರ ಮಾಡುವ ಹುಡುಗಾಟದ ಮನುಷ್ಯ, ಅವತ್ತು ಮುಖ ಗಂಟು ಹಾಕಿಕೊಂಡಿದ್ದ.

ನಾನು ಕೂತು ಕೀಲಿ ತಿರುಗಿಸಿದೆ. ಒಂದೇ ಸೆಲ್ಫಿಗೆ ಇಂಜಿನ್ ಶುರುವಾಯಿತು.

ಮೈದುನ ನನ್ನನ್ನೂ ಗಾಡಿಯನ್ನೂ ನೋಡಿದ. "ನೋಡ್ದ್ರಾ ಅಣ್ಣ? ನೀವ್ ಕುಂತ್ರೆ ಓಡ್ತದ, ನಮ್ಮತ್ಗೆ ಕುಂತ್ರೆ ನಿಲ್ತದ. ಗಾಡಿಗೂ ಅವ್ರಿಗೂ ಆಗಕಿಲ್ಲ ಕಣ. ನಮ್ಮವ್ವ ಯೋಳಾದ್ರಲ್ಲಿ ಸುಳ್ಳೇನದ?"

ಕೆಟ್ಟ ಗಾಡಿಯಾದರೆ ಹುಡುಕಬಹುದು. ಓಡುತ್ತಿರುವ ಗಾಡಿಯಲ್ಲಿ ಏನು ಹುಡುಕುವುದು? ಆದರೂ ಎಲ್ಲ ಬಿಚ್ಚಿದೆ. ಕಾಯಿಲ್‌ನ ಓಮ್ಸ್ ಅಳೆದೆ, ಸರಿಯಿತ್ತು. ಇಂಜಿನ್ನಿನಿಂದ ಬಾಡಿಗೆ ಹೊಸ ಅರ್ತ್ ವೈರು ಎಳೆದೆ. ಪ್ಲಗ್ ಬದಲಿಸಿದೆ. ಪೆಟ್ರೋಲ್ ಪಂಪು, ಕಾರ್ಬುರೇಟರ್‌ನ ಜೆಟ್ಟು, ನನ್ನದಲ್ಲದ ಕೆಲಸವನ್ನೂ ಮಾಡಿದೆ. ಬೇಕೆಂದೇ ಬಾನೆಟ್ ಮುಚ್ಚಿ, ಬಿಸಿಲಲ್ಲಿ ನಿಲ್ಲಿಸಿ, ಮಧ್ಯಾಹ್ನವೆಲ್ಲ ಇಂಜಿನ್ ಓಡಲು ಬಿಟ್ಟೆ. ನಿಲ್ಲಲಿ ನೋಡೋಣ ಎಂದು ಕಾಫಿ ಕುಡಿಯುತ್ತ ಕಾದೆ. ನಿಲ್ಲಲಿಲ್ಲ.

ಮನೆಗೆ ಕಳಿಸಿದೆ. ಮಾರನೆಯ ಬೆಳಿಗ್ಗೆ ಅವರ ಬೀದಿಯ ತಿರುವನ್ನೂ ದಾಟದೆ ನಿಂತಿತು. ಈ ಸಲ ಮಾಡ್ಯೂಲ್ ಪೂರ್ತಿ ಸತ್ತಿತ್ತು, ಟೆಸ್ಟ್ ಲ್ಯಾಂಪ್ ಹಿಡಿದರೆ ಮಿಣಕ್ಕೆನ್ನಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ, ಸತ್ತದ್ದು ಯಾವುದು ಎಂದಾದರೂ ತಿಳಿಯಿತಲ್ಲ. ಮಾಲು ನಕಲಿ ಇರಬೇಕೆಂದು ಮೈಸೂರಿಗೆ ಹೋಗಿ ಬೇರೆ ಅಂಗಡಿಯಿಂದ ಬೇರೆಯದು ತಂದೆ. ಡೈನಮೊ ಜಾಸ್ತಿ ಚಾರ್ಜ್ ಮಾಡಿ ಸುಡುತ್ತಿದೆಯೇನೋ ಎಂದು ರೆಗ್ಯುಲೇಟರ್ ಬದಲಿಸಿದೆ. ಕಾಯಿಲ್ಲನ್ನೂ ಬದಲಿಸಿದೆ. ಅಂಗಡಿಯಲ್ಲಿ ಮತ್ತೆ ಚಿನ್ನದಂಥ ಗಾಡಿ. ಗುಂಡ್ಲುಪೇಟೆಗೆ ಹೋದ ಮೇಲೆ ಮತ್ತೆ ಹೆಣ.

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಊಟದ ತಟ್ಟೆ ಮುಂದೆ ಕೂತು ಬೆರಳಲ್ಲಿ ಸಾರಿನ ಗೆರೆ ಎಳೆದು ವೈರಿಂಗ್ ಲೆಕ್ಕ ಹಾಕುತ್ತಿದ್ದೆ. ನನ್ನ ಹೆಂಡತಿ ಉಡಿಗಾಲ ಹಳ್ಳಿಯವಳು, ಮಾತು ನೇರ. "ಆ ಗಾಡಿಗೆ ಯಾರೋ ಯಾನೋ ಮಾಡ್ಸವ್ರೆ ಕಣ. ಒಂದ್ಸಲ ತಡೆ ಒಡ್ಸಿ," ಎಂದಳು. ರೇಗಿದೆ. ರೇಗಿ ಕೈ ತೊಳೆಯುವಾಗ, ಇದ್ದರೂ ಇರಬಹುದೇ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಕರೆಂಟಿಗೆ ಊರು ಗೊತ್ತಾಗುತ್ತದೆಯೇ? ಚಾಮರಾಜನಗರದಲ್ಲಿ ಹರಿದು ಗುಂಡ್ಲುಪೇಟೆಯಲ್ಲಿ ಮುನಿಸಿಕೊಳ್ಳುತ್ತದೆಯೇ? ಇಷ್ಟು ವರ್ಷ ಈ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವನು ಇಂಥ ಯೋಚನೆ ಮಾಡಿದ್ದಕ್ಕೆ ನಾಚಿಕೆಯಾಯಿತು.

ಗಾಡಿ ಮತ್ತೆ ನನ್ನ ಅಂಗಡಿಯಲ್ಲಿದ್ದಾಗ ಟೀಚರಮ್ಮ ಬಸ್ಸಿನಲ್ಲಿ ಬಂದರು. ಸ್ಟೂಲ್ ಕೊಟ್ಟರೆ ಕೂರಲಿಲ್ಲ. "ಅಣ್ಣ, ಮತ್ತೆ ಪಾಯಿಂಟೇ ಹಾಕ್ಬುಡಿ," ಎಂದರು. "ಬತ್ತೇರಿಯೋರು ಮುಂದಿನ ವಾರ ಬರ್ತಾರೆ. ಓಡೋ ಗಾಡಿ ಆಗಿದ್ರೆ ಸಾಕಂತೆ."

"ಮಾರೋದು ನಿಮ್ಗೆ ಇಷ್ಟಾನಾ?"

"ನನ್ನಿಷ್ಟ ಯಾರ್ ಕೇಳ್ತಾರೆ?" ಎಂದು ಗಾಡಿಯ ಬಾಗಿಲ ಹಿಡಿ ಸವರಿದರು. "ನಮ್ಮನೆಯವ್ರು ಇದ್ರಲ್ಲೇ ನಂಗೆ ಡ್ರೈವಿಂಗ್ ಕಲಿಸಿದ್ದು. ಅದು ಹೋಗ್ಲಿ. ನಂಗೆ ತಡ್ಕೊಳ್ಳೋಕಾಗ್ತಿಲ್ಲ ಅಂದ್ರೆ ಇದೊಂದೇ. ಮೊನ್ನೆ ಬೆಳಿಗ್ಗೆ ನಾನು ಅಡಿಗೆಮನೇಲಿ ಹಾಲಿಗೆ ಕೈ ಹಾಕಿದ್ರೆ ಅತ್ತೆ ಬಂದು ಪಾತ್ರೆ ಈಸ್ಕೊಂಡ್ರು. ಹಾಲು ಒಡೆದುಹೋದೀತು ಅಂತ."

ಪಾಯಿಂಟ್ ವಾಪಸ್ ಹಾಕುವುದು ನನಗೂ ಸುಲಭವಿತ್ತು. ಮಾನ ಉಳಿಯುತ್ತಿತ್ತು, ತಲೆನೋವು ಹೋಗುತ್ತಿತ್ತು. ಆದರೆ ಆ ಹಾಲಿನ ಮಾತು ಬಿಡಲಿಲ್ಲ. ನಾನು ಮಾಡಿದ ಕೆಲಸ ಕೆಟ್ಟು ನಿಂತು, ಅದರ ಪಾಪ ಇನ್ನೊಬ್ಬರ ಕೈಗೆ ಮೆತ್ತಿಕೊಂಡಿತ್ತು. "ಇನ್ನೊಂದೇ ಸಲ ಮೇಡಮ್," ಎಂದೆ. "ಈ ಸಲ ಗಾಡಿ ನಾನೇ ಓಡಿಸ್ಕೊಂಡು ನಿಮ್ಮನೆಗೆ ಬರ್ತೀನಿ. ಅಲ್ಲೇ ಇರ್ತೀನಿ. ನನ್ನ ಕಣ್ಣೆದುರಿಗೇ ಸಾಯ್ಲಿ."

ಸೋಮವಾರ ಬೆಳಿಗ್ಗೆ ಬೇಗ ಹೊರಟೆ. ದಾರಿಯುದ್ದಕ್ಕೂ ಗಾಡಿ ಒಂದು ಸಲ ಕೆಮ್ಮಲಿಲ್ಲ. ಗುಂಡ್ಲುಪೇಟೆಯ ಅವರ ಮನೆ ಮುಂದೆ ನಿಲ್ಲಿಸಿದೊಡನೆ ಅತ್ತೆ ಹೊರಗೆ ಬಂದರು. ಸಣ್ಣ ಆಳು, ಬಿಗಿಯಾದ ತುರುಬು, ದೊಡ್ಡ ದನಿ. "ಒಳೀಕ್ ತರ್ಬ್ಯಾಡಿ ಮೇಸ್ತ್ರಿ. ರಾವುಕಾಲ ಕಳೀಲಿ. ಪೂಜೆ ಮಾಡ್ದೆ ಗಾಡೀನ ಆಚ್ಗೆ ಕಳ್ಸಕಿಲ್ಲ ನಾನು. ನಿಂತಾಗೆಲ್ಲ ಪೂಜೆ ದೊಡ್ಡದ್ ಮಾಡ್ತಾ ಬಂದಿ, ಓದ್ಸಲಾನೂ ಸಾಲ್ನಿಲ್ಲ, ಅದ್ಕೇ ನಿಂತೋಯ್ತು. ಈ ಸಲ ಇನ್ನೂ ದೊಡ್ಡದಾಗೇ ಮಾಡ್ಬುಡನ."

ಇಂಜಿನ್ ಆರಿಸಿ ಜಗುಲಿಯಲ್ಲಿ ಕೂತೆ. ಇಡ್ಲಿ ಕೊಟ್ಟರು, ಕಾಫಿ ಕೊಟ್ಟರು. ರಾಹುಕಾಲ ಕಳೆಯುವ ಹೊತ್ತಿಗೆ ಇಂಜಿನ್ ತಣ್ಣಗಾಗಿತ್ತು. ಗಾಡಿಗೆ ಚೆಂಡುಹೂವಿನ ದಪ್ಪ ಹಾರ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಗಾಜಿಗೆ ವಿಭೂತಿ ಪಟ್ಟೆ. ಬೂದುಗುಂಬಳದ ಮೇಲೆ ಕರ್ಪೂರ ಸಿದ್ಧವಾಯಿತು. ಮೈದುನ ಬಾಗಿಲು ತೆಗೆದು, ಕೈ ಒಳಗೆ ಹಾಕಿ, ಕೀಲಿಯನ್ನು ಅರ್ಧಕ್ಕೆ ತಿರುಗಿಸಿದ. ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಹೊತ್ತಿಕೊಂಡಿತು. ಇಂಜಿನ್ ಶುರು ಮಾಡಲಿಲ್ಲ.

"ದೀಪ ಬಂತಾ?" ಅತ್ತೆ ಕೇಳಿದರು.

"ಬಂತು ಕಣವ್ವ."

"ಮುಗಿಯಗಂಟ ಆರಿಸ್ಬ್ಯಾಡ. ಗಾಡಿಯೊಳ್ಗಿನ ದೀಪ ಅದು."

ಟೀಚರಮ್ಮ ಸ್ಕೂಲಿಗೆ ಹೊರಟ ಸೀರೆಯಲ್ಲಿ, ಹೆಗಲಿಗೆ ಬ್ಯಾಗು ಹಾಕಿಕೊಂಡು, ಗೇಟಿನ ಆಚೆ ನಿಂತಿದ್ದರು. ಗಂಡ ತೀರಿದ ಮೇಲೆ ಪೂಜೆಯ ಹೊತ್ತಿನಲ್ಲಿ ಅವರು ಹಾಗೆ ದೂರ ನಿಲ್ಲುವುದು ರೂಢಿಯಾಗಿತ್ತಂತೆ. ಯಾರೂ ಹೋಗೆನ್ನಲಿಲ್ಲ, ಯಾರೂ ಬಾ ಎನ್ನಲಿಲ್ಲ.

ಊದುಬತ್ತಿ ಆಯಿತು, ಹಣ್ಣುಕಾಯಿ ಆಯಿತು. ಅತ್ತೆ ಕಣ್ಣು ಮುಚ್ಚಿ ಮನೆದೇವರನ್ನೂ ಸುತ್ತಲಿನ ದೇವರುಗಳನ್ನೂ ಒಬ್ಬೊಬ್ಬರನ್ನಾಗಿ ನೆನೆದರು. ಆಮೇಲೆ "ಇಂಜಿನ್ಗೂ ಕುಂಕುಮ ಇಕ್ಕನ, ಬಾನೆಟ್ ತಗೀರಿ ಮೇಸ್ತ್ರಿ," ಎಂದರು. ತೆಗೆದೆ. ಬಾನೆಟ್ಟಿಗೆ ಆಸರೆಯ ಕಡ್ಡಿ ಊರಲು ಬಗ್ಗಿದಾಗ ಮುಂಗೈ ಕಾಯಿಲ್‌ಗೆ ತಾಗಿತು. ಚುರ್ರೆಂದಿತು.

ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಮತ್ತೆ ಕಾಯಿಲ್ ಮುಟ್ಟಿದೆ, ಒಲೆ ಮೇಲಿಟ್ಟ ಚೊಂಬು. ಓಡದ ಇಂಜಿನ್ನಿನಲ್ಲಿ ಕಾಯಿಲ್ ಏಕೆ ಸುಡಬೇಕು? ಒಂದು ಕ್ಷಣ ನಿಜವಾಗಿಯೂ ಏನೂ ಹೊಳೆಯಲಿಲ್ಲ. ಆಮೇಲೆ ಬಾಗಿಲ ಸಂದಿಯಿಂದ ಆ ಕೆಂಪು ದೀಪ ಕಂಡಿತು.

ನನ್ನ ಅಂಗಡಿಯಲ್ಲಿ ಯಾರೂ ಕೀಲಿ ಆನ್ ಮಾಡಿ ಸುಮ್ಮನೆ ಕೂರುವುದಿಲ್ಲ. ತಿರುಗಿಸುತ್ತೇವೆ, ಶುರು ಮಾಡುತ್ತೇವೆ. ಇಲ್ಲಿ ಇಂಜಿನ್ ತಿರುಗದೆ ನಿಂತಿರುವಾಗ ಕರೆಂಟು ಬಿಡುವಿಲ್ಲದೆ ಕಾಯಿಲ್ಲಿನಿಂದ ಮಾಡ್ಯೂಲ್ ಮೂಲಕ ಹರಿಯುತ್ತಿತ್ತು, ಪೂಜೆ ನಡೆದಷ್ಟು ಹೊತ್ತೂ. ಮೊದಲ ಸಲ ಪೂಜೆ ಸಣ್ಣದು, ಮಾಡ್ಯೂಲ್ ಬೆಂದು ಬಳಲಿತ್ತು, ಕಾಡಿನ ಏರಿನಲ್ಲಿ ಕೈಕೊಟ್ಟು, ತಣ್ಣಗಾದ ಮೇಲೆ ನನ್ನ ಅಂಗಡಿಯಲ್ಲಿ ಮತ್ತೆ ಎದ್ದಿತ್ತು. ಗಾಡಿ ನಿಂತಿತೆಂದು ಮುಂದಿನ ಸಲ ಪೂಜೆ ದೊಡ್ಡದಾಯಿತು, ಮಾಡ್ಯೂಲ್ ಪೂರ್ತಿ ಸತ್ತಿತು. ಈಗ ಅದಕ್ಕಿಂತ ದೊಡ್ಡ ಪೂಜೆ ನಡೆಯುತ್ತಿತ್ತು.

ನನಗೆ ಸುಲಭದ ದಾರಿಯೊಂದು ಕಂಡಿತು. ಬಾಯಿ ಮುಚ್ಚಿಕೊಂಡು ಪೂಜೆ ಮುಗಿಯಲು ಬಿಟ್ಟು, ಆ ಕೆಂಪು ಬಲ್ಬಿಗೆ ಬೇರೆ ವೈರು ಎಳೆದುಬಿಡಬಹುದು. ಅರ್ಧ ಗಂಟೆಯ ಕೆಲಸ. ದೀಪವೂ ಉರಿಯುತ್ತದೆ, ಮಾಡ್ಯೂಲೂ ಉಳಿಯುತ್ತದೆ, ಯಾರಿಗೂ ನೋವಿಲ್ಲ. ದೊಡ್ಡ ಪೂಜೆಯಿಂದ ಸರಿಹೋಯಿತು ಅನ್ನುತ್ತಾರೆ. ಆದರೆ ಹಿಂದೆ ನಿಂತದ್ದೆಲ್ಲ ಅದೇ ಕೈಗುಣದ ಲೆಕ್ಕದಲ್ಲೇ ಉಳಿಯುತ್ತದೆ. ಗೇಟಿನ ಕಡೆ ನೋಡಿದೆ. ಟೀಚರಮ್ಮ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಅತ್ತೆ ಆರತಿ ತಟ್ಟೆಗೆ ಕರ್ಪೂರ ಹಾಕಿ ಹೊತ್ತಿಸಿದರು. ನಾನು ಒಳಗೆ ಕೈ ಹಾಕಿ ಕೀಲಿ ತಿರುಗಿಸಿಬಿಟ್ಟೆ. ಕೆಂಪು ದೀಪ ಆರಿತು.

"ಅಯ್ಯಯ್ಯೋ! ಯಾನಪ್ಪ ಮಾಡ್ಬುಟ್ಟೆ?" ಅತ್ತೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. "ಆರತಿ ಎತ್ತೊತ್ಗೆ ದೀಪ ಆರಿಸ್ಬುಟ್ಟಲ್ಲ!"

ಮೈದುನ ನನ್ನ ತೋಳು ಹಿಡಿದ. "ನಿಮ್ಗೇನ್ ತಲೆಗಿಲೆ ಕೆಟ್ಟದಾ ಅಣ್ಣ?"

"ಕೆಟ್ಟಿತ್ತು ಕಣಪ್ಪ, ಈಗ ಸರಿಹೋಯ್ತು," ಎಂದು ಅವನ ಕೈ ಹಿಡಿದು ಕಾಯಿಲ್ ಮೇಲೆ ಇಟ್ಟೆ. ಅವನು ಅಯ್ಯಪ್ಪಾ ಎಂದು ಕೈ ಕಿತ್ತುಕೊಂಡ. ಎಲ್ಲ ಹೇಳಿದೆ. ಕಾಯಿಲ್ಲಿನ ಕಥೆ, ಮಾಡ್ಯೂಲ್ ಬೇಯುವ ಕಥೆ, ಪೂಜೆ ದೊಡ್ಡದಾದಷ್ಟೂ ಬೇಗ ಸತ್ತ ಕಥೆ. "ಗಾಡಿ ನಿಲ್ಲಿಸಿದ್ದು ಯಾರ ಕೈಗುಣಾನೂ ಅಲ್ಲ ಅವ್ವಾ. ಈ ಕೀಲಿ," ಎಂದೆ. ಗೇಟಿನ ಆಚೆಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ.

ಅತ್ತೆ ಬಗ್ಗಿ ಕಾಯಿಲ್ ಕಡೆ ನೋಡಿದರು. ಕರ್ಪೂರ ಉರಿದು ಮುಗಿಯಿತು. "ಅಂಗಾರೆ ನಮ್ ಯಜಮಾನ್ರಿದ್ದಾಗ ಯಾಕ ಕೆಡ್ನಿಲ್ಲ? ಆಗ್ಲೂ ಅಮಾಸೆ ಅಮಾಸೆಗೂ ಇಂಗೇ ಪೂಜೆ ಮಾಡ್ತಿದ್ದಿ."

"ಆಗ್ಲೂ ಸುಡೋದು ಅವ್ವಾ. ಪಾಯಿಂಟ್ ಸುಡೋದು. ಅದು ಉಜ್ಜಿದ್ರೆ ಸರಿಹೋಗೋ ಸಾಮಾನು. ಅವರು ಉಜ್ಜೋರು."

"ಉಜ್ಜೋರು," ಎಂದರು ಅತ್ತೆ ನಿಧಾನಕ್ಕೆ. "ಅಮಾಸೆ ಕಳ್ದ್ ಮಾರ್ನೆ ಬೆಳ್ಗೆ ಬಾನೆಟ್ ಎತ್ಕಂಡು ಕುಂತ್ಕತಿದ್ರು. ಅವ್ರಾದ್ಮೇಲ ನನ್ ಮಗ್ನೂವೆ. ಗಾಡಿ ಮ್ಯಾಲಿನ ಪಿರೂತಿಗೆ ಅಂತಲೇ ನಾನು ತಿಳ್ಕಂಡಿದ್ದಿ." ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಕೆಟ್ಟದೆನಿಸಿತು. ಸತ್ಯ ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ, ನನಗೇನೂ ಹಗುರಾಗಲಿಲ್ಲ.

ಆಮೇಲೆ ಅವರೇ ಕೇಳಿದರು, "ಇಂಜಿನ್ ಓಡ್ತಾ ಇದ್ರೆ ಪೂಜೆ ಮಾಡ್ಬೋದಾ?"

"ಎಷ್ಟೊತ್ತಾದ್ರೂ ಮಾಡಿ. ಓಡ್ತಿದ್ರೆ ಏನೂ ಆಗಲ್ಲ."

ಮೈದುನ ಕೂತು ಸೆಲ್ಫ್ ಹೊಡೆದ. ತಣ್ಣಗಿದ್ದ ಹಳೇ ಇಂಜಿನ್, ಶುರುವಾಗಿ ಕೆಮ್ಮಿ ನಿಂತಿತು. ಪೆಟ್ರೋಲ್ ಹೆಚ್ಚು ಹರಿಸುವ ಚೋಕ್ ಪೂರ್ತಿ ಎಳೆದ, ಪೆಟ್ರೋಲ್ ವಾಸನೆ ಬಂದು ಮತ್ತೆ ನಿಂತಿತು. ಆ ಗಾಡಿಯ ಚೋಕ್ ಎಷ್ಟು ಎಳೆಯಬೇಕು, ಕಾಲು ಎಷ್ಟು ಒತ್ತಬೇಕು ಅನ್ನುವುದು ದಿನಾ ಓಡಿಸುವವರಿಗೇ ಗೊತ್ತು. ನಾನೂ ಕೂರಬಹುದಿತ್ತು. ಎಲ್ಲರೂ ನನ್ನ ಮುಖ ನೋಡಿದಾಗ ಕೈ ತೋರಿಸಿ, "ಗ್ರೀಸಾಗದೆ," ಎಂದು ಸುಮ್ಮನೆ ನಿಂತೆ.

ಅತ್ತೆ ಗೇಟಿನ ಕಡೆ ತಿರುಗಿದರು. ಒಂದಿಷ್ಟು ಹೊತ್ತು ನೋಡಿದರು. "ಅಲ್ಯಾಕ ನಿಂತಿದ್ದೀಯೆ? ಬಾ, ಕುಂತ್ಕೋ."

ಟೀಚರಮ್ಮ ಬಂದರು. ಬ್ಯಾಗನ್ನು ಪಕ್ಕದ ಸೀಟಿಗೆ ಹಾಕಿ, ಚೋಕ್ ಎಳೆದು ಹಿಡಿದು, ಕೀಲಿ ತಿರುಗಿಸಿದರು. ಗಾಡಿ ಶುರುವಾಯಿತು, ಕೆಮ್ಮದೆ ಗುರುಗುಟ್ಟುತ್ತಲೇ ಇತ್ತು. ಅತ್ತೆ ಹೊಸ ಕರ್ಪೂರ ಹಾಕಿ, ನಾನು ಮುಚ್ಚಿದ ಬಾನೆಟ್ಟಿಗೆ ಆರತಿ ಎತ್ತಿದರು, ಬೂದುಗುಂಬಳ ಇಳಿ ತೆಗೆದರು. ಆರತಿ ತಟ್ಟೆ ಹಿಡಿದು ಕಿರಿಮಗನಿಗೆ ಕೊಟ್ಟರು, ನನಗೆ ಕೊಟ್ಟರು. ಆಮೇಲೆ ಸುತ್ತಿ ಬಂದು ಡ್ರೈವರ್ ಕಡೆಯ ಕಿಟಕಿ ಹತ್ತಿರ ನಿಂತರು.

ಟೀಚರಮ್ಮನ ಒಂದು ಕೈ ಚೋಕ್ ಮೇಲಿತ್ತು, ಇನ್ನೊಂದು ಸ್ಟೇರಿಂಗ್ ಮೇಲೆ. ಆರತಿಗೆ ಕೈ ಎತ್ತಲೋ ಬೇಡವೋ ಎಂದು ಅವರಿಗೆ ತಿಳಿಯಲಿಲ್ಲ. ತಟ್ಟೆ ನೋಡಿದರು, ಅತ್ತೆಯ ಮುಖ ನೋಡಿದರು, ಚೋಕ್ ಹಿಡಿದಿದ್ದ ಕೈಯನ್ನು ಬಿಡಲು ಹೋದರು.

"ಕೈ ಬುಡ್ಬ್ಯಾಡ ಕಣಮ್ಮಿ, ನಿಂತೋದದು," ಎಂದರು ಅತ್ತೆ. ತಟ್ಟೆಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯನ್ನು ಕರ್ಪೂರದ ಮೇಲೆ ಹಿಡಿದು, ಕಿಟಕಿಯೊಳಗೆ ಚಾಚಿ, ಆ ಬೆಚ್ಚಗಿನ ಅಂಗೈಯನ್ನು ಸೊಸೆಯ ಎರಡು ಕಣ್ಣಿಗೂ ತಾವೇ ಒತ್ತಿದರು. ಇಂಜಿನ್ನಿನ ಸದ್ದು ಒಂದು ಸಲ ಏರಿ, ಇಳಿದು, ಮತ್ತೆ ಒಂದೇ ಸಮನಾಯಿತು.

"ಸ್ಕೂಲ್ಗೊತ್ತಾಯ್ತದ, ಓಗು," ಎಂದು ಅತ್ತೆ ಕಿಟಕಿಯಿಂದ ಸರಿದು ನಿಂತರು.